ಎರಡು ರೂಪಾಯಿ ಮತ್ತು ಲಕ್ಕಮ್ಮನ ಲೆಕ್ಕ

(ಎನ್. ಬೇಗೂರಿನ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತು)



2024ರ ನವೆಂಬರಿನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಒಂದು ಪ್ರಸ್ತಾವ ಸಿದ್ಧಪಡಿಸಲು ಅಧಿಕಾರಿಗಳಿಗೆ ಸೂಚಿಸಿದರು. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನದಿಗಳ ನೀರು ಕುಡಿಯುವ ಊರುಗಳ ನೀರಿನ ಬಿಲ್ಲಿಗೆ ಎರಡೋ ಮೂರೋ ರೂಪಾಯಿ ಹಸಿರು ಸೆಸ್ ಸೇರಿಸುವುದು. ಆ ಹಣದಿಂದ ಆನೆ ತಡೆಗೆ ರೈಲ್ವೆ ಕಂಬಿಯ ಬೇಲಿ ಹಾಕುವುದು, ಕಾಡಂಚಿನ ಜಮೀನನ್ನು ತಾವಾಗಿ ಮಾರಲು ಬಂದ ರೈತರಿಂದ ಕೊಳ್ಳುವುದು. ಮೈಸೂರಿನ ನಮ್ಮ ಬೀದಿಯಲ್ಲಿ ಬೆಳಗಿನ ವಾಕಿಂಗಿನವರೆಲ್ಲ "ಇದೊಂದು ಬಾಕಿ ಇತ್ತು" ಅಂದರು. ಸುಳ್ಳೇಕೆ ಹೇಳಲಿ, ನಾನೂ ಅಂದೆ. ಹೋಟೆಲಿನ ಕಾಫಿ ಕುಡಿಯುತ್ತಲೇ ಅಂದೆ.

ಇಂಜಿನಿಯರ್ ಆಗಿದ್ದವನು ನೀರಿನ ದಾರಿ ಮರೆಯಬಾರದಿತ್ತು. ವಯನಾಡಿನಲ್ಲಿ ಹುಟ್ಟಿದ ಕಬಿನಿ ನಿಮ್ಮ ಕಾಡಿನ ಮಗ್ಗುಲಲ್ಲಿ ಹರಿದು, 1974ರಲ್ಲಿ ಮುಗಿದ ಅಣೆಕಟ್ಟೆಯಲ್ಲಿ ನಿಂತು, ತಿರುಮಕೂಡಲಿನಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರು ನೀರೆತ್ತುವುದು ಅದಕ್ಕಿಂತ ಕೆಳಗೆ. ಮೈಸೂರಿನ ಎಷ್ಟೋ ಬಡಾವಣೆಗಳ ನಲ್ಲಿಯಲ್ಲೂ ಕಬಿನಿಯೇ. ಕಾಡು ಉಳಿದರೆ ನೀರು ನಮಗೆ. ಆ ಕಾಡಿನ ಆನೆ ರಾಗಿ ಹೊಲಕ್ಕೆ ನುಗ್ಗಿದರೆ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕಾವಲು ನಿಮಗೆ. ಈ ಲೆಕ್ಕ ಸರಿಯಿಲ್ಲ.

ಆದರೆ ಇಲ್ಲಿಯ ಹಿರಿಯರೊಬ್ಬರು ಮಧ್ಯಾಹ್ನ ಪ್ರಸಾದದ ಹೊತ್ತಿನಲ್ಲಿ ಕೇಳಿದರು: "ಸಾಮಿ, ಆ ದುಡ್ಡು ಇಲ್ಲೀಗಂಟ ಬತ್ತದಾ?" ಜನರ ಸಿಟ್ಟಿನ ಬೇರು ಇರುವುದು ಇಲ್ಲೇ, ಎರಡು ರೂಪಾಯಿಯಲ್ಲಲ್ಲ. 2010ರಲ್ಲಿ ಕೇಂದ್ರವು ಶುದ್ಧ ಇಂಧನಕ್ಕೆಂದು ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿತು. 2016ರ ಹೊತ್ತಿಗೆ ಅದು 400 ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಬಾಬ್ತು ರಾಜ್ಯಗಳಿಗೆ ಕೊಡುವ ಪರಿಹಾರಕ್ಕೆ ಹೋಯಿತು. ಒಂದು ಶೀರ್ಷಿಕೆಯ ಹಣ ಇನ್ನೊಂದಕ್ಕೆ ಜಾರುವುದನ್ನು ನೌಕರಿಯಲ್ಲಿ ನಾನೂ ಕಂಡಿದ್ದೇನೆ, ಸಹಿಯನ್ನೂ ಹಾಕಿದ್ದೇನೆ.

ನಾವು ಮಠಗಳಲ್ಲಿ ದಾಸೋಹಕ್ಕೆ ಕೊಡುವಾಗ ಗೊಣಗುವುದಿಲ್ಲ. ಉಣ್ಣುವವರು ಕಣ್ಣೆದುರಿಗೇ ಇರುತ್ತಾರೆ. ಇನ್ನು ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ತೆರಿಗೆ ಕೊಡಲು ಹಟ ಮಾಡುವ ನಮಗೆ ಮಾರಯ್ಯನ ಕಾಯಕ ನೆನಪಾಗಬೇಕು, ಸರಿ. ವಸೂಲಿ ಮಾಡುವ ಖಜಾನೆಗೊಬ್ಬ ಲಕ್ಕಮ್ಮ ಬೇಡವೇ?

ಅದಕ್ಕೇ ಸರ್ಕಾರಕ್ಕೆ ಒಂದು ಮನವಿಯ ಕರಡು ಬರೆದು ತಂದಿದ್ದೇನೆ. ಸೆಸ್ ಹಾಕಿ, ಕೊಡುತ್ತೇವೆ. ಹಣ ಪ್ರತ್ಯೇಕ ಖಾತೆಯಲ್ಲಿರಲಿ, ಯಾವ ಊರಿಗೆ ಎಷ್ಟು ಮೀಟರ್ ಬೇಲಿ ಎಂಬುದು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆದಿರಲಿ ಎಂದು ಅದರಲ್ಲಿದೆ. ಮೊದಲ ಸಹಿ ನಗರದವನಾದ ನನ್ನದು. ಗೋಷ್ಠಿ ಮುಗಿದ ಮೇಲೆ ನೀವು ಓದಿ, ತಿದ್ದಬೇಕಾದ್ದನ್ನು ತಿದ್ದಿ ಕೊಡಿ.