ಪರದೇಶದ ದುಡಿಮೆ, ಮೊಬೈಲಿನ ಖಾತೆ ಮತ್ತು ನಮ್ಮ ಅಮಾನತ್



ಸರ್ವಸ್ತುತಿ ಅಲ್ಲಾಹನಿಗೆ. ಅವನ ಪ್ರವಾದಿಯವರ(ಸ) ಮೇಲೆ ಶಾಂತಿ ಇರಲಿ.

ನಮ್ಮ ಕರಾವಳಿಯ ಜಮಾಅತ್‌ಗಳಲ್ಲಿ ದುಬೈ, ದಮ್ಮಾಮ್, ದೋಹಾ, ಮಸ್ಕತ್‌ಗಳಲ್ಲಿ ದುಡಿಯುವವರಿಲ್ಲದ ಮನೆತನ ವಿರಳ. ಹೊರಡುವ ಮುನ್ನ ಸಾಲ ತೀರಿಸುವುದು, ಅಮಾನತ್ತನ್ನು ಮರಳಿಸುವುದು, ನೆರೆಹೊರೆಯವರಲ್ಲಿ ಪೊರುತ್ತ ಕೇಳುವುದು ನಮ್ಮ ಹಿರಿಯರ ಕ್ರಮವಾಗಿತ್ತು. ಇಂದು ಆ ಪಟ್ಟಿಗೆ ಮೊಬೈಲಿನ ಖಾತೆಗಳೂ ಸೇರಬೇಕು. ಅದರಲ್ಲಿಯೂ ಹಣವಿದೆ, ಕರಾರು ಇದೆ, ಇತರರ ಹಕ್ಕೂ ಇದೆ.

ಮೊದಲನೆಯದು, ದೇಶದ ಬದಲಾವಣೆ. ಅಲ್ಲಿಗೆ ತಲುಪಿದ ಮೇಲೆ ಅಲ್ಲಿನ ಕೆಲವು ಆ್ಯಪ್‌ಗಳು ಸಿಗುವುದಿಲ್ಲ, ಏಕೆಂದರೆ ಖಾತೆ ಇನ್ನೂ ಭಾರತದ್ದೇ ಆಗಿರುತ್ತದೆ. ಗೂಗಲ್ ಪ್ಲೇಯಲ್ಲಿ ದೇಶ ಬದಲಿಸಲು ನಾವು ಆ ದೇಶದಲ್ಲಿಯೇ ಇರಬೇಕು, ಅಲ್ಲಿನ ಕಾರ್ಡ್ ಅಥವಾ ಬೇರೆ ಪಾವತಿ ವಿಧಾನ ಬೇಕು. ಒಮ್ಮೆ ಬದಲಿಸಿದರೆ ಮುಂದೆ ಒಂದು ವರ್ಷ ಮತ್ತೆ ಬದಲಿಸಲಾಗದು. ಭಾರತದ ಖಾತೆಯಲ್ಲಿ ಉಳಿದ ಬ್ಯಾಲೆನ್ಸ್ ಹೊಸ ದೇಶದಲ್ಲಿ ನಡೆಯುವುದಿಲ್ಲ. ಆ್ಯಪಲ್‌ನಲ್ಲಿ ನಿಯಮ ಇನ್ನೂ ಬಿಗಿ: ಬ್ಯಾಲೆನ್ಸ್ ಪೂರ್ತಿ ಖರ್ಚಾಗಬೇಕು, ಚಂದಾಗಳನ್ನು ರದ್ದು ಮಾಡಿ ಅವುಗಳ ಅವಧಿ ಮುಗಿಯುವ ತನಕ ಕಾಯಬೇಕು. ಆದ್ದರಿಂದ ವೀಸಾ ಬಂದ ಕೂಡಲೇ ಗಿಫ್ಟ್ ಕಾರ್ಡ್ ತುಂಬಿಸುವುದನ್ನು, ವರ್ಷದ ಚಂದಾ ಕಟ್ಟುವುದನ್ನು ನಿಲ್ಲಿಸುವುದು ಒಳ್ಳೆಯದು. ಬಳಸಲಾಗದ ಕಡೆ ಹಣ ಸಿಕ್ಕಿಬೀಳಿಸುವುದೂ ದುಂದುವೆಚ್ಚವೇ.

ಎರಡನೆಯದು, ಸುಳ್ಳು ವಿಳಾಸ. ಒಂದು ದೇಶದಲ್ಲಿ ಚಂದಾ ಅಗ್ಗವೆಂದು ಅಲ್ಲಿ ವಾಸವಿಲ್ಲದಿದ್ದರೂ ಅಲ್ಲಿನ ವಿಳಾಸ ಕೊಡುವ ಯುವಕರಿದ್ದಾರೆ. ಸಂತೆಯಲ್ಲಿ ತಕ್ಕಡಿ ತಪ್ಪಿಸುವವನನ್ನು ನಾವು ಖಂಡಿಸುತ್ತೇವೆ. ಪರದೆಯ ಮೇಲೆ ಬರೆದ ಸುಳ್ಳು ಬೇರೆ ಜಾತಿಯದ್ದೇ? ಅಲ್‌ಮಾಇದ ಅಧ್ಯಾಯದ ಮೊದಲ ಸೂಕ್ತವೇ ಕರಾರುಗಳನ್ನು ಪಾಲಿಸಲು ಆಜ್ಞಾಪಿಸುತ್ತದೆ. 'ಒಪ್ಪಿದ್ದೇನೆ' ಎಂದು ಒತ್ತಿದ ಗುಂಡಿಯೂ ಒಂದು ಕರಾರು.

ಮೂರನೆಯದು, ಇನ್ನೊಬ್ಬರ ಕಾರ್ಡ್. ಹೊಸದಾಗಿ ಹೋದವನಿಗೆ ಬ್ಯಾಂಕ್ ಖಾತೆ ಆಗುವವರೆಗೆ ಕೋಣೆಯ ಗೆಳೆಯ ತನ್ನ ಕಾರ್ಡ್ ಹಾಕಿಕೊಡುತ್ತಾನೆ. ಒಂದು ಸಲಕ್ಕೆಂದು ಕೊಟ್ಟ ಕಾರ್ಡಿನಿಂದ ತಿಂಗಳು ತಿಂಗಳೂ ಹಣ ಕಡಿತವಾಗುತ್ತಿದ್ದರೆ ಅದು ಕೊಟ್ಟವನ ಅನುಮತಿ ಮೀರಿದ ಬಳಕೆ. ಸಾಲವನ್ನು ಬರೆದಿಡಲು ಕಲಿಸುವ ಸೂಕ್ತವು ಕುರ್‌ಆನಿನಲ್ಲಿಯೇ ಅತ್ಯಂತ ದೀರ್ಘವಾದದ್ದು, ಅಲ್‌ಬಕರದ 282ನೆಯದು. ಹತ್ತು ದಿರ್ಹಮ್ ಆದರೂ ಬರೆದಿಡೋಣ, ಕೆಲಸ ಮುಗಿದ ಕೂಡಲೇ ಆ ಕಾರ್ಡನ್ನು ಖಾತೆಯಿಂದ ತೆಗೆಯೋಣ.

ನಾಲ್ಕನೆಯದು, ಮನೆಯವರ ಹಕ್ಕು. ಒಂದೇ ಕುಟುಂಬ ಗುಂಪಿನಲ್ಲಿ ತಂದೆಯ ಕಾರ್ಡಿನಿಂದ ಮಕ್ಕಳ ಪಾಠದ ಆ್ಯಪ್ ನಡೆಯುತ್ತಿರಬಹುದು. ಗೂಗಲ್‌ನ ಕುಟುಂಬ ಗುಂಪಿನಲ್ಲಿ ಎಲ್ಲರೂ ಒಂದೇ ದೇಶದವರಾಗಿರಬೇಕು. ಹೊರಡುವ ಮೊದಲೇ ತಾಯಿಯ ಹೆಸರಿನಲ್ಲಿ ಬೇರೆ ಗುಂಪು ಮಾಡಿಕೊಟ್ಟರೆ ಪರೀಕ್ಷೆಯ ಹೊತ್ತಿಗೆ ಮಕ್ಕಳು ಪರದಾಡುವುದಿಲ್ಲ.

ಐದನೆಯದು, ಊರಿನ ಬ್ಯಾಂಕ್ ಖಾತೆ ಮತ್ತು ಸಿಮ್. ದುಡಿಮೆಗಾಗಿ ಹೊರದೇಶಕ್ಕೆ ಹೋದವನು ತನ್ನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂಬುದು ಈ ನಾಡಿನ ಕಾನೂನು. ಬ್ಯಾಂಕಿಗೆ ತಿಳಿಸದೆ ವರ್ಷಗಟ್ಟಲೆ ಹಾಗೆಯೇ ನಡೆಸುವವರು ಬಹಳ. ಯುಎಇ, ಸೌದಿ, ಕತಾರ್, ಒಮಾನ್ ಸೇರಿ 10 ದೇಶಗಳ ಮೊಬೈಲ್ ಸಂಖ್ಯೆಯಿಂದಲೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಯುಪಿಐ ಜೋಡಿಸಲು 2023ರಲ್ಲಿ ಅವಕಾಶವಾಯಿತು. ನಮ್ಮ ಬ್ಯಾಂಕ್ ಅದನ್ನು ಕೊಡುತ್ತದೆಯೇ ಎಂದು ಕೇಳಿಕೊಂಡರೆ ಸರಿ. ಊರಿನ ಸಿಮ್ 90 ದಿನ ಬಳಕೆಯಿಲ್ಲದೆ ಬಿದ್ದಿದ್ದರೆ ರದ್ದಾಗಬಹುದು. ಮುಂದೆ ಆ ಸಂಖ್ಯೆ ಬೇರೊಬ್ಬನ ಪಾಲಾದರೆ ನಮ್ಮ ಒಟಿಪಿ ಅವನ ಕೈಗೆ ಹೋಗುತ್ತದೆ. ಸಿಮ್ ಉಳಿಸಿಕೊಳ್ಳಬೇಕು, ಇಲ್ಲವೇ ಎಲ್ಲ ಖಾತೆಗಳಲ್ಲೂ ಸಂಖ್ಯೆ ಬದಲಿಸಬೇಕು.

ಕೊನೆಯದು, ಮರಣ. ಪರದೇಶದಲ್ಲಿ ಇಹಲೋಕ ತ್ಯಜಿಸಿದವನ ಮನೆಯವರಿಗೆ ಮೊಬೈಲ್ ತೆರೆಯಲೂ ಆಗದೆ, ಯಾರಿಗೆ ಎಷ್ಟು ಕೊಡಬೇಕೆಂದು ತಿಳಿಯದೆ ಹೋದರೆ ಸಾಲ ತೀರುವುದು ಹೇಗೆ, ವಾರಸುದಾರರಿಗೆ ಪಾಲು ಹಂಚುವುದು ಹೇಗೆ? ವಸಿಯ್ಯತ್ ಬರೆಯಲು ತಡಮಾಡಬಾರದೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಗೂಗಲ್ ಮತ್ತು ಆ್ಯಪಲ್ ಎರಡರಲ್ಲೂ ನಮ್ಮ ನಂತರ ಮಾಹಿತಿ ಪಡೆಯುವ ಒಬ್ಬರನ್ನು ಮೊದಲೇ ಗೊತ್ತುಮಾಡಲು ಅವಕಾಶವಿದೆ. ಅದನ್ನು ಮಾಡಿಡೋಣ. ಖಾತೆ, ಚಂದಾ, ಸಾಲ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನಂಬಿಕಸ್ತರ ಕೈಯಲ್ಲಿಡೋಣ.

ಸಹೋದರರೇ, ಈ ವಾರ ನಮ್ಮ ಮನೆಯಿಂದ ಹೊರದೇಶದಲ್ಲಿರುವವರಿಗೆ ಫೋನ್ ಮಾಡುವಾಗ ಊಟ, ಆರೋಗ್ಯ ವಿಚಾರಿಸಿದ ಮೇಲೆ ಈ ಹಾಳೆಯ ಮಾತನ್ನೂ ಎತ್ತೋಣ.

ದೂರದಲ್ಲಿ ಬೆವರು ಸುರಿಸುವ ನಮ್ಮ ಮಕ್ಕಳ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ. ಯಾರ ಹಕ್ಕಿನ ಭಾರವನ್ನೂ ಹೊತ್ತು ಅವನ ಮುಂದೆ ನಿಲ್ಲದಂತೆ ನಮ್ಮನ್ನು ಕಾಪಾಡಲಿ. ಆಮೀನ್.