ಅಗ್ಗದ ಪೆಟ್ರೋಲು ಯಾರಿಗೆ ಅಗ್ಗವಾಗಿತ್ತು?

(ಬಿ.ಸಿ.ರೋಡಿನಲ್ಲಿ ಮಿಲ್ಲು ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಊರುಗಳಿಗೆ ದೇವರ ಹೆಸರು ಇರುವುದುಂಟು, ಅರಸರ ಹೆಸರು ಇರುವುದುಂಟು. ನಮ್ಮ ಈ ಊರಿಗೆ ಇರುವುದು ದಾರಿಯ ಹೆಸರು. ಬಂಟ್ವಾಳ ಕ್ರಾಸ್ ರೋಡ್ ಎಂಬುದೇ ಬಾಯಲ್ಲಿ ಸವೆದು ಬಿ.ಸಿ.ರೋಡ್ ಆಯಿತು. ದಾರಿಯಿಂದ ಹುಟ್ಟಿದ ಊರಿನಲ್ಲಿ ದಾರಿಯ ಖರ್ಚಿನ ಮಾತು ಬರುವುದು ಸಹಜ. ಚಹಾದ ಹೋಟೆಲಿನ ಬೆಂಚಿನಲ್ಲಿ ನಾಲ್ಕು ಮಂದಿ ಹಿರಿಯರು ಕುಳಿತರೆ ಒಬ್ಬರಲ್ಲ ಒಬ್ಬರು ಹೇಳಿಯೇ ಹೇಳುತ್ತಾರೆ: "ನಮ್ಮ ಕಾಲದಲ್ಲಿ ಪೆಟ್ರೋಲು ರೂಪಾಯಿಯೊಳಗೆ ಸಿಗುತ್ತಿತ್ತು ಮಾರಾಯರೇ!" ಕೇಳಿದವರು ನಿಟ್ಟುಸಿರು ಬಿಡುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ನಾವು ಇವತ್ತು ಆ ಮಾತನ್ನು ಅಲ್ಲಿಗೆ ಬಿಡದೆ ಸ್ವಲ್ಪ ಮುಂದಕ್ಕೆ ಒಯ್ಯಬೇಕೆಂದಿದ್ದೇವೆ. ಹಿರಿಯರು ಹೇಳುವುದು ಸುಳ್ಳಲ್ಲ. ಅರುವತ್ತರ ದಶಕದ ಆರಂಭದಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಒಂದು ರೂಪಾಯಿಯೂ ಇರಲಿಲ್ಲ. ಆದರೆ ಆ ಅಗ್ಗದ ಪೆಟ್ರೋಲನ್ನು ಕೊಂಡವರು ಯಾರು? ನಮ್ಮಲ್ಲಿ ಯಾರ ಅಜ್ಜ ಕೊಂಡಿದ್ದರು? ಇದು ಕೇಳಲೇಬೇಕಾದ ಪ್ರಶ್ನೆ.

ಮೊದಲು ಹಳೆಯ ಕಾಲದ ಚಿತ್ರವನ್ನು ಸರಿಯಾಗಿ ನೋಡೋಣ. ಮೋಟಾರು ಬರುವುದಕ್ಕೆ ಮುಂಚೆ ಬಂಟ್ವಾಳದ ಪೇಟೆಯನ್ನು ಸಾಕಿದ್ದು ನೇತ್ರಾವತಿ ನದಿ. ಘಟ್ಟದ ಮೇಲಿನ ಕಾಫಿ, ಧಾನ್ಯ ಗಾಡಿಯಲ್ಲಿ ಇಳಿದು ಬಂಟ್ವಾಳಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ ಹುಟ್ಟಿತು. ಜನ ಅದನ್ನು ಸಿ.ಪಿ.ಸಿ. ಎಂದರು. ಮುಂದೆ ಹನುಮಾನ್, ಶಂಕರ ವಿಠಲ ಮೊದಲಾದ ಬಸ್ಸುಗಳೂ ಜಿಲ್ಲೆಯಲ್ಲಿ ಮನೆಮಾತಾದವು. ನದಿಯ ಕೆಲಸವನ್ನು ದಾರಿ ವಹಿಸಿಕೊಂಡಿತು. ದೋಣಿಗೆ ಬೇಕಾದದ್ದು ನೀರು, ಗಾಳಿ ಮತ್ತು ಅಂಬಿಗನ ತೋಳು. ಬಸ್ಸಿಗೆ ಬೇಕಾದದ್ದು ಕಡಲಾಚೆಯಿಂದ ಬರುವ ಎಣ್ಣೆ. ನಮ್ಮ ದಾರಿಯ ಕೀಲಿಕೈ ಅಂದಿನಿಂದ ಪರರ ಕೈಯಲ್ಲಿ ಉಳಿಯಿತು.

ಪೆಟ್ರೋಲು ಮೊದಮೊದಲು ತಗಡಿನ ಡಬ್ಬಿಗಳಲ್ಲಿ ಬರುತ್ತಿತ್ತು. ಆಮೇಲೆ ಬಂಕುಗಳು ಬಂದವು. ಆ ಹಳೆಯ ಪಂಪನ್ನು ಕಂಡವರು ಅದನ್ನು ಮರೆಯಲಾರರು. ಆಳೆತ್ತರದ ಕಬ್ಬಿಣದ ಕಂಬ, ಅದರ ತಲೆಯ ಮೇಲೆ ಗಾಜಿನ ಪಾತ್ರೆ. ಬಂಕಿನ ಆಳು ಹಿಡಿಕೆಯನ್ನು ಹಿಂದೆ ಮುಂದೆ ಆಡಿಸಿದರೆ ನೆಲದಡಿಯ ಟಾಂಕಿಯಿಂದ ಪೆಟ್ರೋಲು ಏರಿ ಬಂದು ಗಾಜಿನಲ್ಲಿ ತುಂಬುತ್ತಿತ್ತು. ಅಳತೆಯ ಗೆರೆ ಮುಟ್ಟಿದ ಮೇಲೆ ಅದು ತನ್ನ ಭಾರದಿಂದಲೇ ರಬ್ಬರ್ ನಳಿಕೆಯಲ್ಲಿ ಇಳಿದು ಗಾಡಿಗೆ ಹೋಗುತ್ತಿತ್ತು. ಕೆಲವು ಪಂಪುಗಳಿಗೆ ಎರಡು ಗಾಜುಗಳಿದ್ದವು, ಒಂದು ಬರಿದಾಗುವಾಗ ಇನ್ನೊಂದು ತುಂಬುವುದು. ಕರೆಂಟು ಬೇಕಿಲ್ಲ. ಕೊಳ್ಳುವವನು ತಾನು ಹಣ ಕೊಟ್ಟ ವಸ್ತುವನ್ನು ತನ್ನ ಕಣ್ಣಿನಿಂದಲೇ ನೋಡಬಹುದಿತ್ತು. ಈ ಗಾಜಿನ ಪಾತ್ರೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದರ ಮಾತು ಬರುತ್ತದೆ.

ಎರಡನೆಯ ಮಹಾಯುದ್ಧ ಬಂದಾಗ ಪರರ ಕೈಯ ಕೀಲಿಕೈ ಎಂದರೇನೆಂದು ನಮ್ಮವರಿಗೆ ತಿಳಿಯಿತು. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳ ಹಿಂದೆ ಪೀಪಾಯಿಯಂಥ ಒಲೆಯನ್ನು ಕಟ್ಟಿದರು. ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಾಕಿ, ಕ್ಲೀನರ್ ಹುಡುಗ ಕೈಯಿಂದ ಗಾಳಿಚಕ್ರ ತಿರುಗಿಸಬೇಕು. ಕೆಂಡ ಸರಿಯಾಗಿ ಹತ್ತಿದ ಮೇಲೆ ಹೊರಡುವ ಅನಿಲವನ್ನು ಸೋಸಿ ಎಂಜಿನ್ನಿಗೆ ಬಿಡುವುದು. ಆ ಅನಿಲ ಉಸಿರಿಗೆ ವಿಷ. ಪೆಟ್ರೋಲಿನ ಬಲವೂ ಅದಕ್ಕಿಲ್ಲ. ಏರು ಬಂದಲ್ಲಿ ಪ್ರಯಾಣಿಕರು ಇಳಿದು ದೂಡಬೇಕು. ಟಿಕೇಟಿಗೆ ಹಣ ಕೊಟ್ಟು, ಬಸ್ಸನ್ನೂ ದೂಡಿ, ಮೈಯೆಲ್ಲ ಮಸಿ ಮಾಡಿಕೊಂಡು ಊರು ಸೇರಿದ ಕಥೆಯನ್ನು ನಮ್ಮ ಮನೆಗಳ ಅಜ್ಜಂದಿರು ನಗುತ್ತ ಹೇಳುತ್ತಿದ್ದರು. ಈಗ ನಗು ಬರುತ್ತದೆ ನಿಜ. ಆದರೆ ಆ ಗಾಳಿಚಕ್ರ ತಿರುಗಿಸಿದ ಹುಡುಗನ ಕೆಮ್ಮನ್ನು ಯಾರೂ ಲೆಕ್ಕ ಬರೆದಿಡಲಿಲ್ಲ.

ಆ ಕಾಲದ ಬಡವರ ಎಣ್ಣೆ ಪೆಟ್ರೋಲಲ್ಲ, ಚಿಮಿಣಿ ಎಣ್ಣೆ. ಅದರ ದೊಡ್ಡ ಪಾಲು ಬರ್ಮಾದಿಂದ ಬರುತ್ತಿತ್ತು. 1942ರಲ್ಲಿ ಬರ್ಮಾ ಜಪಾನಿಯರ ಕೈಸೇರಿದಾಗ ನಮ್ಮ ಹಳ್ಳಿಗಳ ದೀಪ ಸಣ್ಣದಾಯಿತು. ಸಾವಿರ ಮೈಲು ದೂರದ ಬಾವಿಗೆ ಬೆಂಕಿ ಬಿದ್ದರೆ ಪಾಣೆಮಂಗಳೂರಿನ ಗುಡಿಸಲಲ್ಲಿ ಕತ್ತಲೆ. ಎಣ್ಣೆಯ ರಾಜಕೀಯ ಎಂದರೆ ಇದೇ.

ಈಗ ಕೂಲಿಯ ಲೆಕ್ಕಕ್ಕೆ ಬರೋಣ. ಭಾರತ ಸರಕಾರ 1950-51ರಲ್ಲಿ ನಡೆಸಿದ ಕೃಷಿ ಕಾರ್ಮಿಕರ ವಿಚಾರಣೆಯಲ್ಲಿ ಗಂಡಾಳಿನ ಸರಾಸರಿ ದಿನಗೂಲಿ ಈಗಿನ ಲೆಕ್ಕದಲ್ಲಿ 1 ರೂಪಾಯಿ 9 ಪೈಸೆ ಎಂದು ಕಂಡುಬಂತು. 1956-57ರ ಎರಡನೆಯ ವಿಚಾರಣೆಯ ಹೊತ್ತಿಗೆ ಅದು 96 ಪೈಸೆಗೆ ಇಳಿದಿತ್ತು. ಗ್ಯಾಲನ್ ಎಂದರೆ ನಾಲ್ಕೂವರೆ ಲೀಟರ್. ಬೆಳಗಿನಿಂದ ಸಂಜೆಯ ತನಕ ಬೆನ್ನು ಬಗ್ಗಿಸಿ ದುಡಿದವನ ಕೂಲಿ ಒಂದು ಗ್ಯಾಲನ್ ಪೆಟ್ರೋಲಿಗೆ ಸಾಲುತ್ತಿರಲಿಲ್ಲ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಲೀಟರಿಗೆ ನೂರು ದಾಟಿದ ಬೆಲೆಯಲ್ಲಿ ಅದಕ್ಕೆ ಸುಮಾರು ಮೂರೂವರೆ ಲೀಟರ್. ಅಂದರೆ ಅಂದು ಕೂಡ ದುಡಿಯುವವನ ಪಾಲಿಗೆ ಪೆಟ್ರೋಲು ಅಗ್ಗವಾಗಿರಲಿಲ್ಲ. ಕಾರಿದ್ದವರಿಗೆ ಅಗ್ಗವಾಗಿತ್ತು. ಕಾರಿದ್ದವರು ಊರಿಗೆ ಇಬ್ಬರೋ ಮೂವರೋ. ನಮ್ಮ ಅಜ್ಜಂದಿರು ಆ ಗಾಜಿನ ಪಂಪನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ, ಇಲ್ಲವೇ ತಲೆಹೊರೆ ಹೊತ್ತು ನಡೆಯುವ ದಾರಿಯ ಬದಿಯಿಂದ.

ಇನ್ನು ಆ ಬೆಲೆಯನ್ನು ಕಟ್ಟುತ್ತಿದ್ದವರು ಯಾರು? ಬರ್ಮಾ ಶೆಲ್, ಎಸ್ಸೋ, ಕಾಲ್ಟೆಕ್ಸ್ ಎಂಬ ವಿದೇಶೀ ಕಂಪೆನಿಗಳು. ಯುದ್ಧಕ್ಕೆ ಮುಂಚೆ ಅವರ ಕ್ರಮ ವಿಚಿತ್ರವಾಗಿತ್ತು. ಎಣ್ಣೆ ಹತ್ತಿರದ ಪರ್ಷಿಯಾ ಕೊಲ್ಲಿಯಿಂದ ಬಂದರೂ ಬೆಲೆಯನ್ನು ಮಾತ್ರ ಅಮೇರಿಕದ ಮೆಕ್ಸಿಕೊ ಕೊಲ್ಲಿಯಿಂದ ಬಂದಂತೆ, ಅಷ್ಟು ದೂರದ ಹಡಗಿನ ಬಾಡಿಗೆ ಸೇರಿಸಿ ಹಾಕುತ್ತಿದ್ದರು. ವಿಟ್ಲದ ಅಡಿಕೆಯನ್ನು ಬಿ.ಸಿ.ರೋಡಿನಲ್ಲಿ ಮಾರುವಾಗ ಶಿವಮೊಗ್ಗದಿಂದ ತಂದ ಲಾರಿ ಬಾಡಿಗೆ ಸೇರಿಸಿದರೆ ಇಲ್ಲಿ ಕುಳಿತಿರುವ ವ್ಯಾಪಾರಿಗಳು ಒಪ್ಪುವರೇ? ಇಂಥ ವ್ಯಾಪಾರವನ್ನು ಇಡೀ ದೇಶ ಒಪ್ಪಿಕೊಂಡು ಕುಳಿತಿತ್ತು.

ಸ್ವಾತಂತ್ರ್ಯದ ಮೇಲೆ ಕೂಡ ಇದನ್ನು ಅಲುಗಾಡಿಸುವುದು ಸುಲಭವಾಗಲಿಲ್ಲ. 1959ರಲ್ಲಿ ಸರಕಾರದ ಇಂಡಿಯನ್ ಆಯಿಲ್ ಕಂಪೆನಿ ಹುಟ್ಟಿತು. 1960ರಲ್ಲಿ ರಶ್ಯಾ ಕಡಿಮೆ ಬೆಲೆಗೆ ಕಚ್ಚಾ ಎಣ್ಣೆ ಕೊಡುತ್ತೇನೆಂದಿತು. ತೈಲ ಖಾತೆಯ ಮಂತ್ರಿ ಕೆ. ಡಿ. ಮಾಲವೀಯರು ಅದನ್ನು ಶುದ್ಧೀಕರಿಸಿಕೊಡಿ ಎಂದು ಕಂಪೆನಿಗಳನ್ನು ಕೇಳಿದರು. ಕಂಪೆನಿಗಳು ಆಗದು ಎಂದವು. ನಮ್ಮ ನೆಲದ ಮೇಲೆ ನಿಂತ ಶುದ್ಧೀಕರಣ ಕಾರ್ಖಾನೆ, ನಮ್ಮ ಮಂತ್ರಿಯ ಮಾತು, ಅವರ ಉತ್ತರ 'ಇಲ್ಲ'! ಆಗ ಇಂಡಿಯನ್ ಆಯಿಲ್ ಸಿದ್ಧ ಎಣ್ಣೆಯನ್ನೇ ತರಿಸಿತು. 1960ರ ಆಗಸ್ಟಿನಲ್ಲಿ ಉಝ್ಗೊರೊದ್ ಎಂಬ ರಶ್ಯನ್ ಹಡಗು ಡೀಸೆಲ್ ಹೊತ್ತು ಮುಂಬಯಿಗೆ ಬಂತು. ಕಂಪೆನಿಗಳ ಏಕಸ್ವಾಮ್ಯಕ್ಕೆ ಮೊದಲ ಬಿರುಕು ಅದು.

1973ರಲ್ಲಿ ಅರಬ ದೇಶಗಳು ಎಣ್ಣೆಯನ್ನು ತಡೆಹಿಡಿದಾಗ ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ಎಣ್ಣೆ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರಕ್ಕೆ ಹೋಯಿತು. ಆ ವರ್ಷದ ನವೆಂಬರಿನಲ್ಲಿ ಬೆಲೆಯೇರಿಕೆಯನ್ನು ಪ್ರತಿಭಟಿಸಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಬಂದರು. ಅಗ್ಗದ ಪೆಟ್ರೋಲಿನ ಯುಗ ಮುಗಿದದ್ದು ಆಗ. ಅದರ ಬೆನ್ನಿಗೆ 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಶೆಲ್, ಆಮೇಲೆ ಕಾಲ್ಟೆಕ್ಸ್ ಸರಕಾರದ ವಶವಾದವು. ಹಿಂದುಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಎಂಬ ಹೆಸರುಗಳು ಬಂದವು. ಶೆಲ್ಲಿನ ಹಳದಿ ಚಿಪ್ಪು, ಕಾಲ್ಟೆಕ್ಸಿನ ಕೆಂಪು ನಕ್ಷತ್ರ ಆ ಬಂಕುಗಳಿಂದ ಇಳಿದವು. ಬೆಲೆ ಏರಿದರೆ ಕೇಳಲು ಒಬ್ಬ ಯಜಮಾನನಿದ್ದ. ದಿಲ್ಲಿಯ ಮಂತ್ರಿ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಉತ್ತರ ಹೇಳಬೇಕಿತ್ತು.

ಈಗ ಆ ಯಜಮಾನನೂ ಬಾಗಿಲ ಹಿಂದೆ ಸರಿದಿದ್ದಾನೆ. 2002ರಲ್ಲಿ ಸರಕಾರ ಬೆಲೆ ನಿಗದಿಯ ಹಳೆಯ ವ್ಯವಸ್ಥೆಯನ್ನು ಮುಗಿಸಿತು. 2010ರ ಜೂನಿನಲ್ಲಿ ಪೆಟ್ರೋಲಿನ ಬೆಲೆಯನ್ನು, 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. 2017ರ ಜೂನಿನಿಂದ ದಿನಕ್ಕೊಂದು ಬೆಲೆಯ ಕ್ರಮ ಬಂತು. ಕೇಳಿದರೆ "ಅದು ಜಗತ್ತಿನ ಮಾರುಕಟ್ಟೆ, ನಮ್ಮ ಕೈಯಲ್ಲಿಲ್ಲ" ಎಂಬ ಉತ್ತರ. ಇದು ಪೂರ್ತಿ ನಿಜವೇ? 2020ರ ಏಪ್ರಿಲಿನಲ್ಲಿ ಜಗತ್ತಿನಲ್ಲಿ ಕಚ್ಚಾ ಎಣ್ಣೆಯನ್ನು ಕೇಳುವವರಿರಲಿಲ್ಲ, ಬೆಲೆ ನೆಲ ಕಚ್ಚಿತ್ತು. ಮೇ ತಿಂಗಳಲ್ಲಿ ಕೇಂದ್ರ ಸರಕಾರ ಪೆಟ್ರೋಲಿನ ಮೇಲಿನ ಸುಂಕವನ್ನು ಲೀಟರಿಗೆ 32 ರೂಪಾಯಿ 98 ಪೈಸೆಗೆ ಏರಿಸಿತು. 2014ರ ಆರಂಭದಲ್ಲಿ ಅದು 9 ರೂಪಾಯಿ 48 ಪೈಸೆ ಇತ್ತು. ಎಣ್ಣೆಯ ಬೆಲೆಗಿಂತ ಸುಂಕವೇ ಹೆಚ್ಚಾಯಿತು. ಮುಂದೆ ಸುಂಕವನ್ನು ಎರಡು ಸಲ ಇಳಿಸಿದರು, 2025ರಲ್ಲಿ ಪುನಃ 2 ರೂಪಾಯಿ ಏರಿಸಿದರು. ರಾಜ್ಯ ಸರಕಾರವೂ ಹಿಂದೆ ಬಿದ್ದಿಲ್ಲ: 2024ರ ಜೂನಿನಲ್ಲಿ ಮಾರಾಟ ತೆರಿಗೆ ಹೆಚ್ಚಿಸಿ ಲೀಟರಿಗೆ 3 ರೂಪಾಯಿ ಸೇರಿಸಿತು. ಇಳಿಯುವಾಗ ಸರಕಾರದ ಪಾಲು, ಏರುವಾಗ ಜನರ ಪಾಲು; ಇದು ಯಾವ ಊರಿನ ನ್ಯಾಯ?

ನಮ್ಮ ಜಿಲ್ಲೆಯನ್ನೇ ನೋಡಿ. 1996ರಲ್ಲಿ ಕುತ್ತೆತ್ತೂರಿನಲ್ಲಿ ಎಂ.ಆರ್.ಪಿ.ಎಲ್. ಕಾರ್ಖಾನೆ ಕೆಲಸ ಆರಂಭಿಸಿತು. ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ಎಣ್ಣೆಯನ್ನು ಶುದ್ಧಮಾಡುವ ಶಕ್ತಿ ಇಂದು ಅದಕ್ಕಿದೆ. ಅಲ್ಲಿಂದ ಹೊರಟ ಕೊಳವೆ ನೆರಿಯ, ಹಾಸನದ ಮೇಲಾಗಿ ಬೆಂಗಳೂರಿನ ಹತ್ತಿರದ ದೇವನಗೊಂದಿಗೆ ಹೋಗುತ್ತದೆ; ಉದ್ದ ಸುಮಾರು 360 ಕಿಲೊಮೀಟರ್. ನಮ್ಮ ಬಂಟ್ವಾಳ, ಬೆಳ್ತಂಗಡಿಯ ಗದ್ದೆ ತೋಟಗಳ ಅಡಿಯಲ್ಲಿ ಪೆಟ್ರೋಲು ಹರಿಯುತ್ತಿದೆ. ಮೇಲೆ ಹೆದ್ದಾರಿಯಲ್ಲಿ ಟ್ಯಾಂಕರುಗಳು ಹಗಲು ರಾತ್ರಿ ಓಡುತ್ತಿವೆ. 2013ರ ಏಪ್ರಿಲಿನಲ್ಲಿ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ, ದಾರಿ ಬದಿಯ ಮನೆಯವರು ಜೀವ ಕಳೆದುಕೊಂಡದ್ದನ್ನು ನಾವು ಯಾರೂ ಮರೆತಿಲ್ಲ. ಬಂಕಿನ ಬೋರ್ಡಿನಲ್ಲಿ ಬರೆಯದ ಬೆಲೆ ಅದು; ಅದನ್ನು ತೆತ್ತವರು ನಮ್ಮ ತಾಲೂಕಿನವರು.

ಬಂಧುಗಳೇ, ನಾವು ಹೇಳಬೇಕಾದ ಮುಖ್ಯ ಮಾತು ಇದು: ಪೆಟ್ರೋಲು ಅಗ್ಗವಾಗಿದ್ದಾಗ ಅದು ನಮ್ಮದಾಗಿರಲಿಲ್ಲ, ತುಟ್ಟಿಯಾದ ಮೇಲೆ ಅದನ್ನು ನಮ್ಮ ತಲೆಗೆ ಕಟ್ಟಿದ್ದಾರೆ. ಅಂದಿನ ಕೆಲಸಗಾರ ನಡೆದ ಅಥವಾ ಬಸ್ಸು ಹತ್ತಿದ. ಇಂದಿನ ಕೆಲಸಗಾರನಿಗೆ ಬೈಕು ಇಲ್ಲದೆ ಸಾಗದು. ಅದು ಶೋಕಿಯಲ್ಲ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಒಳಹಳ್ಳಿಗೆ ಬಸ್ಸಿಲ್ಲ. ಮಿಲ್ಲಿಗೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತದೆ. ಬೆಳಗ್ಗೆ ಮೀನು, ತರಕಾರಿ ತರುವ ಸಣ್ಣ ವ್ಯಾಪಾರಿಗೆ ಸ್ಕೂಟರೇ ಅಂಗಡಿ. ಸಾಲದ ಕಂತು ಒಂದು ಕಡೆ, ಪೆಟ್ರೋಲು ಇನ್ನೊಂದು ಕಡೆ. ಕೂಲಿಗೆ ಹೋಗುವುದಕ್ಕೇ ಕೂಲಿಯ ಒಂದು ಪಾಲನ್ನು ತೆರಬೇಕು.

2023ರ ಜೂನ್ 11ರಿಂದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿಲ್ಲದ ಪ್ರಯಾಣ ಬಂತು. ಒಳ್ಳೆಯ ಕೆಲಸ, ಒಪ್ಪೋಣ. ಆದರೆ ನಮ್ಮ ಜಿಲ್ಲೆಯ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಬೀಡಿ ಕಟ್ಟಿ ಬ್ರಾಂಚಿಗೆ ಒಯ್ಯುವ ತಾಯಂದಿರು, ಗೇರುಬೀಜದ ಕಾರ್ಖಾನೆಗೆ ಹೋಗುವ ಅಕ್ಕತಂಗಿಯರು ಆ ದಾರಿಗಳಲ್ಲಿ ಇಂದಿಗೂ ಪೂರಾ ದರ ಕೊಡುತ್ತಾರೆ. ಕಾನೂನಿನ ಪುಸ್ತಕದಲ್ಲಿ ಹಕ್ಕಿದೆ, ಹಕ್ಕು ಹತ್ತಲಿಕ್ಕೆ ಬಸ್ಸಿಲ್ಲ.

ಆದ್ದರಿಂದ ಹಳೆಯ ಬೆಲೆ ಬರಲಿ ಎಂದು ಹಾರೈಸುತ್ತ ಕೂರುವುದು ಬೇಡ, ಅದು ಬರುವುದಿಲ್ಲ. ಹಳೆಯ ಕಾಲದಿಂದ ಎರಡೇ ವಸ್ತುಗಳನ್ನು ಕೇಳಿ ತೆಗೆದುಕೊಳ್ಳೋಣ. ಒಂದು, ಆ ಗಾಜಿನ ಪಾತ್ರೆ. ಪೆಟ್ರೋಲು ಕೊಂಡವನಿಗೆ ಎಣ್ಣೆಯ ಬೆಲೆ ಎಷ್ಟು, ಕೇಂದ್ರದ ಸುಂಕ ಎಷ್ಟು, ರಾಜ್ಯದ ತೆರಿಗೆ ಎಷ್ಟು, ಬಂಕಿನವರ ಕಮಿಶನ್ ಎಷ್ಟು ಎಂದು ಬಿಲ್ಲಿನಲ್ಲೇ ಬಿಡಿಬಿಡಿಯಾಗಿ ಕಾಣಬೇಕು. ನಮ್ಮ ಕಿರಾಣಿ ಅಂಗಡಿಯವರು ಒಂದು ಪೊಟ್ಟಣ ಸಾಬೂನಿಗೆ ತೆರಿಗೆ ಬರೆದುಕೊಡಬೇಕಾದರೆ, ಸರಕಾರ ಒಂದು ಲೀಟರ್ ಪೆಟ್ರೋಲಿಗೆ ಯಾಕೆ ಬರೆಯಬಾರದು? ಎರಡು, ಬಸ್ಸು. ಪಾಳಿ ಆರಂಭವಾಗುವ ಮೊದಲು ಒಂದು, ಪಾಳಿ ಮುಗಿದ ಮೇಲೆ ಒಂದು, ಸರಕಾರಿ ಬಸ್ಸು ಒಳದಾರಿಗಳಿಗೂ ಓಡಬೇಕು. ನಮ್ಮ ಪೆಟ್ರೋಲಿನಿಂದ ಎತ್ತಿದ ತೆರಿಗೆಯಲ್ಲಿ ಅದಕ್ಕೊಂದು ಪಾಲು ಸಿಗಲಿ. ಡಿಪೋ ಇದೇ ಬಿ.ಸಿ.ರೋಡಿನಲ್ಲಿದೆ, ದೂರವೇನಿಲ್ಲ.

ಯಾವ ಊರಿಗೆ ಎಷ್ಟು ಗಂಟೆಗೆ ಬಸ್ಸು ಬೇಕು ಎಂಬ ಪಟ್ಟಿಯನ್ನು ಪ್ರತಿಯೊಂದು ಮಿಲ್ಲಿನವರು, ಪ್ರತಿಯೊಂದು ಪೇಟೆಯ ವ್ಯಾಪಾರಿಗಳು ಬರೆದು ಕೊಡಿ. ಮನವಿಯನ್ನು ನಾವೆಲ್ಲ ಒಟ್ಟಾಗಿ ಒಯ್ಯೋಣ. ಹಿಂದೆ ಇದ್ದಿಲ ಬಸ್ಸು ಏರಿನಲ್ಲಿ ನಿಂತಾಗ ನಮ್ಮ ಹಿರಿಯರು ಇಳಿದು ದೂಡಿದರು. ದೂಡದಿದ್ದರೆ ಅದು ಮುಂದಕ್ಕೆ ಹೋಗುತ್ತಿರಲಿಲ್ಲ. ಸರಕಾರದ ಬಸ್ಸೂ ಹಾಗೆಯೇ.