ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್, ಆದರೂ ಉರಿ ಯಾಕೆ?

ಡಾಕ್ಟರ್ ಮುಂದೆ ಕೂತಾಗಲೂ ಎಷ್ಟೋ ಹೆಂಗಸರು "ಕೆಳಗಡೆ ಉರಿ" ಅಂತಷ್ಟೇ ಹೇಳಿ ಸುಮ್ಮನಾಗ್ತಾರೆ. ಇವತ್ತು ಅದೇ ಉರಿಯ ಬಗ್ಗೆ ಮಾತಾಡೋಣ.

ಯೋನಿಯ ಹೊರಭಾಗಕ್ಕೆ ವಲ್ವಾ ಅಂತಾರೆ. ಅಲ್ಲಿ ಖಾರ ತಾಗಿದ ಹಾಗೆ ಉರಿ, ಚುಚ್ಚೋ ನೋವು. ಕೆಲವರಿಗೆ ದಿನವಿಡೀ. ಕೆಲವರಿಗೆ ಒತ್ತಡ ಬಿದ್ದಾಗ ಮಾತ್ರ: ಸಂಭೋಗದಲ್ಲಿ, ಬಿಗಿ ಜೀನ್ಸ್ ಹಾಕಿದಾಗ, ಸ್ಕೂಟರ್ ಮೇಲೆ ಕೂತಾಗ. 3 ತಿಂಗಳಾದರೂ ಹೋಗದೆ, ಬೇರೆ ಕಾರಣವೂ ಸಿಗದಿದ್ದರೆ ಅದು ವಲ್ವೊಡೈನಿಯಾ.

ನಾವೇನು ಮಾಡ್ತೀವಿ? ಮೆಡಿಕಲ್ ಶಾಪಿಂದ ಫಂಗಸ್ ಕ್ರೀಮ್ ತಂದು ಹಚ್ತೀವಿ. ಫಂಗಸ್ಸೇ ಇಲ್ಲದಿದ್ದರೆ ಅದರಿಂದ ಚರ್ಮ ಇನ್ನಷ್ಟು ಕೆರಳಬಹುದು. ಹಾಗಾಗಿ ಮೊದಲು ಸೋಂಕು ಇದೆಯಾ, ಚರ್ಮದ ಕಾಯಿಲೆ ಇದೆಯಾ, ಮುಟ್ಟು ನಿಂತ ಮೇಲಿನ ಒಣಗುವಿಕೆಯಾ ಅಂತ ನೋಡಿಸ್ಕೊಬೇಕು. ಗಾಯ, ಗಂಟು, ರಕ್ತ ಕಂಡರೆ ತಡ ಮಾಡಲೇಬೇಡಿ.

ಆಮೇಲೆ ಡಾಕ್ಟರ್ ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಜಾಗವನ್ನ ಮೆಲ್ಲಗೆ ಒತ್ತಿ, "ಇಲ್ಲಿ ನೋವು ಹತ್ತಕ್ಕೆ ಎಷ್ಟು?" ಅಂತ ಕೇಳ್ತಾರೆ. ನೋಡೋಕೆ ಚರ್ಮ ಚೆನ್ನಾಗೇ ಇರುತ್ತೆ, ಹತ್ತಿ ತಾಗಿದ್ದಕ್ಕೇ ಮೈ ಸೆಟೆದುಕೊಳ್ಳುತ್ತೆ. ಅಲ್ಲಿನ ನರಗಳು ಅಷ್ಟು ಸೂಕ್ಷ್ಮ ಆಗಿರಬಹುದು. ನೋವಿನ ಭಯಕ್ಕೆ ಸೊಂಟದ ತಳದ ಸ್ನಾಯು ಬಿಗಿಯುತ್ತೆ, ಬಿಗಿದಷ್ಟೂ ನೋವು ಜಾಸ್ತಿ.

ಅದಕ್ಕೇ ಆ ಸ್ನಾಯುವನ್ನ ಸಡಿಲಿಸೋ ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಮುಖ್ಯ. ಯಾರೋ ಹೇಳಿದ್ರು ಅಂತ ಆ ಸ್ನಾಯುವನ್ನ ಬಿಗಿ ಹಿಡಿಯೋ ಕೆಗೆಲ್ ವ್ಯಾಯಾಮ ಶುರು ಮಾಡಬೇಡಿ. ಬಿಗಿದ ಸ್ನಾಯುವನ್ನ ಮತ್ತೆ ಬಿಗಿ ಮಾಡೋದು ಬೇಡ. ಹೊಟ್ಟೆ ಉಬ್ಬೋ ಹಾಗೆ ನಿಧಾನಕ್ಕೆ ಉಸಿರೆಳೀರಿ, ಮೂತ್ರಕ್ಕೆ ಕೂತಾಗ ಸಡಿಲ ಬಿಡ್ತೀವಲ್ಲ, ಹಾಗೆ ಆ ಸ್ನಾಯುವನ್ನ ಸಡಿಲ ಬಿಡಿ.

ಮರಗಟ್ಟಿಸೋ ಲಿಡೊಕೇನ್ ಮುಲಾಮು ಕೊಡಬಹುದು. ಅಮಿಟ್ರಿಪ್ಟಿಲಿನ್ ಬರೆದರೆ "ಇದು ಖಿನ್ನತೆ ಮಾತ್ರೆ ಅಲ್ವಾ?" ಅಂತ ಗಾಬರಿ ಬೇಡ, ಕಡಿಮೆ ಡೋಸ್‌ನಲ್ಲಿ ಅದನ್ನ ನರದ ನೋವಿಗೂ ಕೊಡ್ತಾರೆ. ಗುಣ ಕಾಣೋಕೆ ಕೆಲವು ವಾರ ಬೇಕು. ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ.

ಮನೆಯಲ್ಲಿ? ಆ ಜಾಗಕ್ಕೆ ಸೋಪು, ಆಂಟಿಸೆಪ್ಟಿಕ್, ಪರಿಮಳದ ವಾಶ್ ಯಾವುದೂ ಬೇಡ. ಬರೀ ನೀರು ಸಾಕು. ಸಡಿಲವಾದ ಹತ್ತಿ ಒಳಉಡುಪು ಹಾಕಿ. ಸಂಭೋಗದಲ್ಲಿ ನೋವಾದರೆ ಹಲ್ಲುಕಚ್ಚಿ ಸಹಿಸಬೇಡಿ, ನಿಲ್ಲಿಸಿ. ಗಂಡನಿಗೂ ಇದು ಗೊತ್ತಿರಲಿ.

ಮುಂದಿನ ಸಲ ಡಾಕ್ಟರ್ ಹತ್ರ ಹೋಗುವಾಗ ನೋವು ಯಾವಾಗ ಶುರುವಾಯ್ತು, ಯಾವುದರಿಂದ ಹೆಚ್ಚುತ್ತೆ, ಯಾವ ಕ್ರೀಮ್ ಹಚ್ಚಿದ್ರಿ, ಚೀಟಿಯಲ್ಲಿ ಬರ್ಕೊಂಡು ಹೋಗಿ. "ಏನೂ ಇಲ್ಲಮ್ಮ" ಅಂದ್ರೆ, "ವಲ್ವೊಡೈನಿಯಾ ಇರಬಹುದಾ, ನೋಡ್ತೀರಾ?" ಅಂತ ನೇರವಾಗಿ ಕೇಳಿ.